ಆರೈಕೆಯ ಲೆಕ್ಕ: ಕೊಡುವವರನ್ನು ಕ್ರೆಡಿಟ್ ಮಾಡಿ

ಭಾಗ 1/10

ಫೋಟೋದಲ್ಲಿರೋದು ನಮ್ಮಮ್ಮನ ಹೊಲಿಗೆ ಮಷೀನು. ಮೇಲೆ ಹಾಸಿರೋದು ಹಳೇ ಸೀರೆ. ಅದರ ಮೇಲೆ ದೊಡ್ಡವರ ಡೈಪರ್ ಪ್ಯಾಕೆಟ್ಟು, ಹತ್ತಿ, ಪೌಡರು, ಮಾತ್ರೆ ಡಬ್ಬಿ. ನಾಲ್ಕು ವರ್ಷದಿಂದ ಅದು ಮಷೀನಾಗಿ ಉಳಿದಿಲ್ಲ, ಟೇಬಲ್ಲಾಗಿದೆ.

ನಾಲ್ಕು ವರ್ಷದ ಹಿಂದೆ ನಮ್ಮಜ್ಜಿಗೆ, ಅಂದ್ರೆ ಅಪ್ಪನ ಅಮ್ಮನಿಗೆ, ಲಕ್ವ ಹೊಡೀತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮಾತು ಅರ್ಧಂಬರ್ಧ. ಆಗ ಅಮ್ಮ ದಾವಣಗೆರೆಯ ಒಂದು ಬ್ಲೌಸ್ ಅಂಗಡಿಯಲ್ಲಿ ಹೊಲೀತಿದ್ರು. ತಿಂಗಳಿಗೆ 9,000 ರೂಪಾಯಿ ಬರ್ತಿತ್ತು. ಬಿಟ್ಟರು. ಬಿಡು ಅಂತ ಯಾರೂ ಹೇಳಲಿಲ್ಲ. ಬಿಡಬೇಡ ಅಂತಲೂ ಯಾರೂ ಹೇಳಲಿಲ್ಲ. ಅವರು ಬಿಡ್ತಾರೆ ಅನ್ನೋದು ಎಲ್ಲರಿಗೂ ಮೊದಲೇ ಗೊತ್ತಿತ್ತು.

ಕಳೆದ ದೀಪಾವಳಿಗೆ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ ಎಲ್ಲರೂ ಮನೆಗೆ ಬಂದಿದ್ದರು. ಊಟ ಆದ್ಮೇಲೆ ಅಮ್ಮ ಸೆರಗಲ್ಲಿ ಕೈ ಒರೆಸ್ಕೊಳ್ತಾ ಬಾಗಿಲ ಹತ್ರ ನಿಂತು ಹೇಳಿದ್ರು: "ಭಾವ, ಅತ್ತೇನ ನಾನೇ ನೋಡ್ಕೊಂತೀನಿ, ಅದರಲ್ಲೇನೂ ಇಲ್ಲ. ಆದ್ರೆ ತಿಂಗಳಿಗೆ ಎಂಟು ಸಾವಿರ ನನ್ನ ಕೈಗೆ ಬರೋ ಹಂಗೆ ಎಲ್ಲಾರೂ ಸೇರಿ ಏನಾದ್ರೂ ಮಾಡ್ರಿ."

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ್ರು: "ಹೆತ್ತಮ್ಮನಂಥ ಅತ್ತೆ ಸೇವೆಗೆ ಕೂಲಿ ಕೇಳ್ತೀಯೇನಮ್ಮ?"

ಅಮ್ಮ ಒಳಗೆ ಹೋದ್ರು. ಪಾತ್ರೆ ಸದ್ದು ಶುರುವಾಯ್ತು. ಮಾತು ಅಡಿಕೆ ರೇಟಿನ ಕಡೆ ತಿರುಗಿತು. ನಾನೂ ಅಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಅವತ್ತು ಬಿಡಬೇಕಾಗಿದ್ದ ಬಾಯಿ ಇವತ್ತು ಈ ಹತ್ತು ಪೋಸ್ಟ್‌ಗಳಲ್ಲಿ ಬಿಡ್ತಿದ್ದೀನಿ. ಅಜ್ಜಿಯ ಫೋಟೋ ಹಾಕಿಲ್ಲ, ಹಾಕೋದೂ ಇಲ್ಲ. ಇದು ಅವರ ಕಾಯಿಲೆಯ ಕಥೆ ಅಲ್ಲ. ನಮ್ಮ ಸಾಲದ ಕಥೆ.

#ಆರೈಕೆಯ_ಲೆಕ್ಕ

ಭಾಗ 2/10

ಮೊದಲು ಆ 'ಕೂಲಿ' ಅನ್ನೋ ಪದ ನೋಡೋಣ.

ಲಕ್ವ ಹೊಡೆದ ಹೊಸದರಲ್ಲಿ ಎರಡು ತಿಂಗಳು ನಮ್ಮನೆಗೆ ಏಜೆನ್ಸಿಯಿಂದ ಒಬ್ಬ ಹುಡುಗಿ ಬರ್ತಿದ್ದಳು. ಬೆಳಗ್ಗೆ ಎಂಟರಿಂದ ರಾತ್ರಿ ಎಂಟು. ತಿಂಗಳಿಗೆ 18,000. ದೊಡ್ಡಪ್ಪ ಅರ್ಧ ಕೊಟ್ಟರು, ಅಪ್ಪ ಚಿಕ್ಕಪ್ಪ ಸೇರಿ ಅರ್ಧ. ಆಗ ಯಾರೂ "ಅಮ್ಮನ ಸೇವೆಗೆ ಬೆಲೆ ಕಟ್ಟಬಾರದು" ಅನ್ನಲಿಲ್ಲ. ಕಾಫಿ ಕುಡೀತಾ ಕೂತ್ಕೊಂಡು ಏಜೆನ್ಸಿಯವರ ಜೊತೆ ಇಪ್ಪತ್ತರಿಂದ ಹದಿನೆಂಟಕ್ಕೆ ಚೌಕಾಸಿ ಮಾಡಿದ್ದೂ ದೊಡ್ಡಪ್ಪನೇ.

ಆ ಹುಡುಗಿ ಊರಿಗೆ ಹೋದವಳು ವಾಪಸ್ ಬರಲಿಲ್ಲ. ಆಮೇಲೆ ಅದೇ ಕೆಲಸ, ಅದೇ ಮಂಚ, ಅದೇ ಬಕೆಟ್ಟು, ಎಲ್ಲಾ ಅಮ್ಮನ ಕೈಗೆ ಬಂತು. ಹನ್ನೆರಡು ಗಂಟೆಯ ಶಿಫ್ಟು ಹೋಗಿ ಇಪ್ಪತ್ನಾಲ್ಕು ಗಂಟೆ ಆಯ್ತು. ಹದಿನೆಂಟು ಸಾವಿರ ಸೊನ್ನೆ ಆಯ್ತು.

ಅಂದ್ರೆ ಬೆಲೆ ಕಟ್ಟಿ ಆಗಿದೆ ಸ್ವಾಮಿ. ಕಟ್ಟಿದವರು ನೀವೇ. ಬೇರೆಯವರ ಮಗಳು ಬಂದು ಮಾಡಿದ್ರೆ ಸಂಬಳ, ಮನೆ ಸೊಸೆ ಮಾಡಿದ್ರೆ ಸಂಸ್ಕಾರ. ಕೆಲಸ ಬದಲಾಗಿಲ್ಲ, ಮಾಡೋರು ಬದಲಾಗಿದ್ದಾರೆ ಅಷ್ಟೆ.

ಬಿಕಾಂ ಮೊದಲ ಸೆಮಿಸ್ಟರ್‌ನಲ್ಲಿ ಮೊದಲ ವಾರವೇ ಮೂರು ಗೋಲ್ಡನ್ ರೂಲ್ಸ್ ಬಾಯಿಪಾಠ ಮಾಡಿಸ್ತಾರೆ. ಅದರಲ್ಲಿ ವೈಯಕ್ತಿಕ ಖಾತೆಯ ನಿಯಮ ಇದು: ಪಡೆಯುವವರನ್ನು ಡೆಬಿಟ್ ಮಾಡಿ, ಕೊಡುವವರನ್ನು ಕ್ರೆಡಿಟ್ ಮಾಡಿ. ನಮ್ಮನೆ ಪುಸ್ತಕದಲ್ಲಿ ನಾಲ್ಕು ವರ್ಷದಿಂದ ಪಡೆದವರು ಐದು ಜನ. ಕೊಟ್ಟವರು ಒಬ್ಬರು. ಎಂಟ್ರಿ ಮಾತ್ರ ಒಂದೂ ಆಗಿಲ್ಲ.

ಹಂಗಾಗಿ ನಾನೇ ಪುಸ್ತಕ ತೆಗೆದೆ.

ಭಾಗ 3/10

ಈ ಫೋಟೋ ನನ್ನ ಹಳೇ ಅಕೌಂಟೆನ್ಸಿ ನೋಟ್‌ಬುಕ್. ಹಿಂದಿನ ಪುಟಗಳಲ್ಲಿ 30 ದಿನ ಬರೆದಿದ್ದೀನಿ. ಯಾರು, ಏನು, ಎಷ್ಟು ಹೊತ್ತು.

ಬೆಳಗ್ಗೆ ಐದೂವರೆ: ಡೈಪರ್ ಬಿಚ್ಚಿ, ಒರೆಸಿ, ಬಟ್ಟೆ ಬದಲಾಯಿಸೋದು. ಆರೂವರೆ: ಗಂಜಿ. ಚಮಚದಲ್ಲಿ, ನಿಧಾನಕ್ಕೆ. ಅವಸರ ಮಾಡಿದ್ರೆ ನೆತ್ತಿಗೆ ಹತ್ತುತ್ತೆ. ಆಮೇಲೆ ಬಿಪಿ ಮಾತ್ರೆ, ಫಿಸಿಯೋದವರು ಹೇಳಿಕೊಟ್ಟ ಕೈಕಾಲು ವ್ಯಾಯಾಮ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು, ಇಲ್ಲಾಂದ್ರೆ ಬೆನ್ನಲ್ಲಿ ಹುಣ್ಣಾಗುತ್ತೆ. ರಾತ್ರಿ ಕೂಡ. ನಾವೆಲ್ಲಾ ಗೊರಕೆ ಹೊಡೀತಿರುವಾಗ ಅಮ್ಮ ಎರಡು ಸಲವಾದ್ರೂ ಏಳ್ತಾರೆ.

ಮನೆ ಅಡುಗೆ, ಕಸ ಮುಸುರೆ ಇದರಲ್ಲಿ ಸೇರಿಸಿಲ್ಲ. ಬರೀ ಅಜ್ಜಿಯ ಕೆಲಸ. ದಿನಕ್ಕೆ ಸರಾಸರಿ ಆರೂವರೆ ಗಂಟೆ. ತಿಂಗಳಿಗೆ 195 ಗಂಟೆ.

ಏಜೆನ್ಸಿ ರೇಟು 18,000 ಅಂದ್ರೆ ದಿನಕ್ಕೆ 600, ಗಂಟೆಗೆ 50. ಅದನ್ನೇ ಹಾಕಿದ್ರೆ 195 ಗಂಟೆಗೆ 9,750 ರೂಪಾಯಿ. ಅಮ್ಮ ಕೇಳಿದ್ದು 8,000. ರಾತ್ರಿ ಪಾಳಿಗೆ ಜಾಸ್ತಿ ಹಾಕಿಲ್ಲ, ರಜೆ ಹಾಕಿಲ್ಲ. ಅವರು ಬಿಟ್ಟ ಸಂಬಳದ ಲೆಕ್ಕ ಹಾಕಿದ್ರೂ ತಿಂಗಳಿಗೆ 9,000, ನಾಲ್ಕು ವರ್ಷಕ್ಕೆ 4,32,000. ಅರ್ಥಶಾಸ್ತ್ರದಲ್ಲಿ ಇದನ್ನ ಅವಕಾಶ ವೆಚ್ಚ ಅಂತೀವಿ. ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದ್ದೀನಿ. ಮನೇಲಿ ಎದುರಿಗೇ ಇದ್ದದ್ದು ಕಾಣಲಿಲ್ಲ.

ಅದೇ 30 ದಿನದಲ್ಲಿ ಅಪ್ಪನ ಕಾಲಂ: 11 ಗಂಟೆ. ನನ್ನ ಕಾಲಂ: 4 ಗಂಟೆ. ಅದರಲ್ಲಿ ಅರ್ಧ ಮೆಡಿಕಲ್ ಶಾಪಿಗೆ ಹೋಗಿ ಬಂದದ್ದು.

ನಮ್ಮನೆ ಮಾತ್ರ ಹಿಂಗೆ ಅಂದ್ಕೋಬೇಡಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ 137 ನಿಮಿಷ ಅದಕ್ಕೆ ಕೊಡ್ತಾರೆ, ಗಂಡಸರು 75. ಸಂಬಳವಿಲ್ಲದ ಮನೆಗೆಲಸದಲ್ಲಿ ಹೆಂಗಸರು 289 ನಿಮಿಷ, ಗಂಡಸರು 88.

ಭಾಗ 4/10

ಈಗ ಮುಖ್ಯ ವಿಷಯ. ಇದನ್ನ ದಯವಿಟ್ಟು ಪೂರ್ತಿ ಓದಿ, ಯಾಕಂದ್ರೆ ನನಗೇ ಗೊತ್ತಿರಲಿಲ್ಲ.

ಅಜ್ಜಿಯನ್ನ ನೋಡ್ಕೊಳ್ಳೋ ಜವಾಬ್ದಾರಿ ಕಾನೂನು ಪ್ರಕಾರ ಯಾರದ್ದು?

2007ರಲ್ಲಿ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಬಂತು. ತಮ್ಮ ದುಡಿಮೆ ಅಥವಾ ಆಸ್ತಿಯಿಂದ ಬದುಕೋಕೆ ಆಗದ ಹಿರಿಯರು ಮಕ್ಕಳಿಂದ ಪೋಷಣೆ ಕೇಳಬಹುದು. ಉಪವಿಭಾಗದ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ತಿಂಗಳಿಗೆ 10,000 ರೂಪಾಯಿವರೆಗೂ ಕೊಡಿಸೋಕೆ ಈ ಕಾಯ್ದೆಯಲ್ಲಿ ಅವಕಾಶ ಇದೆ. ಪೋಷಣೆ ಅಂದ್ರೆ ಬರೀ ಊಟ ಬಟ್ಟೆ ಅಲ್ಲ. ವಾಸ, ವೈದ್ಯಕೀಯ ಶುಶ್ರೂಷೆ, ಚಿಕಿತ್ಸೆ ಕೂಡ ಸೇರುತ್ತೆ.

'ಮಕ್ಕಳು' ಅಂದ್ರೆ ಯಾರು ಅಂತ ಕಾಯ್ದೆಯ ಎರಡನೇ ಸೆಕ್ಷನ್‌ನಲ್ಲೇ ಬರೆದಿದ್ದಾರೆ. ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಅಪ್ರಾಪ್ತರನ್ನ ಬಿಟ್ಟು.

ಇನ್ನೊಂದು ಸಲ ಓದಿ. ಸೊಸೆ ಇಲ್ಲ.

ಪಟ್ಟಿಯಲ್ಲಿ ದೊಡ್ಡಪ್ಪ ಇದ್ದಾರೆ, ಅಪ್ಪ ಇದ್ದಾರೆ, ಚಿಕ್ಕಪ್ಪ ಇದ್ದಾರೆ, ಅತ್ತೆ ಇದ್ದಾರೆ. ಇಪ್ಪತ್ತು ವರ್ಷದ ಮೊಮ್ಮಗ ನಾನೂ ಇದ್ದೀನಿ. ಬೆಳಗ್ಗೆ ಐದೂವರೆಗೆ ಎದ್ದು ಡೈಪರ್ ಬಿಚ್ಚೋ ನಮ್ಮಮ್ಮ ಮಾತ್ರ ಇಲ್ಲ.

ಹಂಗಾದ್ರೆ ಅಮ್ಮ ಮಾಡ್ತಿರೋದು ಯಾರ ಕೆಲಸ? ನಮ್ಮದು. ತನ್ನ ತಲೆ ಮೇಲೆ ಕಾನೂನು ಹಾಕದ ಕೆಲಸವನ್ನ, ಯಾರ ತಲೆ ಮೇಲೆ ಹಾಕಿದೆಯೋ ಅವರ ಪರವಾಗಿ, ನಾಲ್ಕು ವರ್ಷದಿಂದ ಮಾಡ್ತಿದ್ದಾರೆ. ಅವರು ಕೇಳಿದ ಎಂಟು ಸಾವಿರ ಅಜ್ಜಿಯ ಮೇಲಿನ ಪ್ರೀತಿಗೆ ಹಾಕಿದ ಬಿಲ್ಲಲ್ಲ. ನಮ್ಮ ಪಾಲಿನ ಕೆಲಸ ಮಾಡಿದ್ದಕ್ಕೆ ನಮ್ಮಿಂದ ಬರಬೇಕಾದ ಬಾಕಿ.

"ಅಮ್ಮನ ಸೇವೆಗೆ ಕೂಲಿ ಕೇಳ್ತೀಯಾ" ಅಂದ್ರಲ್ಲ ದೊಡ್ಡಪ್ಪ, ಅಮ್ಮ ಯಾರಿಗೆ? ನಿಮಗೆ. ಸೇವೆ ಮಾಡಬೇಕಾದವರು ಯಾರು? ನೀವು.

ಭಾಗ 5/10

"ಆಸ್ತಿ ನಿಮಗೇ ಬರುತ್ತಲ್ಲ, ಆಮೇಲೆ ದುಡ್ಡು ಯಾಕೆ?"

ಈ ಮಾತು ನೀವೂ ಕೇಳಿರ್ತೀರಿ. ಅಜ್ಜಿ ಹೆಸರಲ್ಲಿ ಊರಲ್ಲಿ ಒಂದು 30x40 ಸೈಟಿದೆ. ಅದನ್ನ ತೋರಿಸಿ ಚಿಕ್ಕಪ್ಪ ಇದೇ ಮಾತು ಹೇಳಿದ್ರು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ತೆಗೀರಿ. ಹಿಂದೂ ಹೆಣ್ಣುಮಗಳೊಬ್ಬಳು ವಿಲ್ ಬರೆಯದೆ ತೀರಿಕೊಂಡರೆ ಮೊದಲ ಸಾಲಿನ ವಾರಸುದಾರರು ಅವಳ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು. ತೀರಿಹೋದ ಮಕ್ಕಳಿದ್ದರೆ ಅವರ ಮಕ್ಕಳು. ಸೊಸೆ ಇಲ್ಲಿಯೂ ಇಲ್ಲ. ಗಂಡ ತೀರಿಹೋಗಿ ವಿಧವೆಯಾಗಿ ಅತ್ತೆಯನ್ನ ಹತ್ತು ವರ್ಷ ನೋಡ್ಕೊಂಡ ಸೊಸೆ ಕೂಡ ಈ ಸಾಲಿನಲ್ಲಿ ಇಲ್ಲ.

ನಮ್ಮನೆ ಲೆಕ್ಕದಲ್ಲಿ ಆ ಸೈಟಿಗೆ ನಾಲ್ಕು ಪಾಲು. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ, ಅತ್ತೆ. ಅಮ್ಮನಿಗೆ ಸೊನ್ನೆ. "ನಿಮಗೇ ಬರುತ್ತೆ" ಅಂದ್ರೆ ಅಪ್ಪನಿಗೆ ಬರುತ್ತೆ ಅಂತ ಅರ್ಥ. ಅದೂ ತಿಂಗಳಿಗೊಮ್ಮೆ ಫೋನ್ ಮಾಡೋ ಚಿಕ್ಕಪ್ಪನಿಗೆ ಎಷ್ಟು ಬರುತ್ತೋ ಅಷ್ಟೇ. ಆರೈಕೆಗೆ ಅಂತ ಒಂದು ಅಡಿಯೂ ಹೆಚ್ಚಿಗೆ ಬರಲ್ಲ.

ಗಂಡ ಹೆಂಡತಿ ಬೇರೆ ಬೇರೇನಾ ಅಂತ ಕೇಳಬೇಡಿ. ಬ್ಯಾಂಕಲ್ಲಿ ಕೇಳಿ ನೋಡಿ, ಗಂಡನ ಖಾತೆಯಲ್ಲಿರೋ ದುಡ್ಡನ್ನ ಹೆಂಡತಿಯ ಸಹಿಗೆ ಕೊಡ್ತಾರಾ ಅಂತ.

ಸರಳವಾಗಿ ಹೇಳ್ತೀನಿ. ಕಾನೂನು ಪುಸ್ತಕದಲ್ಲಿ ಅಮ್ಮನಿಗೆ ಅಜ್ಜಿಯ ಹೊಣೆಯೂ ಇಲ್ಲ, ಅಜ್ಜಿಯ ಪಾಲೂ ಇಲ್ಲ. ಮನೆಯೊಳಗೆ ಮಾತ್ರ ಹೊಣೆ ಪೂರ್ತಿ ಅವರದ್ದು, ಪಾಲು ಪೂರ್ತಿ ಬೇರೆಯವರದ್ದು. ಲಾಭ ಹಂಚ್ಕೊಳ್ಳೋಕೆ ನಾಲ್ಕು ಜನ, ನಷ್ಟ ಹೊರೋಕೆ ಒಬ್ಬರು. ಇಂಥ ಫರ್ಮಿಗೆ ನೀವು ಪಾಲುದಾರರಾಗಿ ಸೇರ್ತೀರಾ?

ಭಾಗ 6/10

ಸರಿ, ಹಂಗಾದ್ರೆ ಸಂಬಂಧಿಕರು ಆರೈಕೆಗೆ ದುಡ್ಡು ಕೇಳೋಕೆ ಹಕ್ಕಿದೆಯಾ? ಕೋರ್ಟಿಗೆ ಹೋದ್ರೆ ಸಿಗುತ್ತಾ?

ಬಿಸಿನೆಸ್ ಲಾ ಓದಿದವರಿಗೆಲ್ಲ ಬಾಲ್ಫೋರ್ ಕೇಸು ನೆನಪಿರುತ್ತೆ. ಸಿಲೋನ್‌ನಲ್ಲಿ ಕೆಲಸ ಮಾಡ್ತಿದ್ದ ಗಂಡ, ಇಂಗ್ಲೆಂಡ್‌ನಲ್ಲಿ ಉಳಿದ ಹೆಂಡತಿಗೆ ತಿಂಗಳಿಗೆ 30 ಪೌಂಡ್ ಕೊಡ್ತೀನಿ ಅಂದಿದ್ದ. ಕೊಡಲಿಲ್ಲ. 1919ರಲ್ಲಿ ಕೋರ್ಟು ಇದು ಮನೆಮಾತು, ಕರಾರಲ್ಲ ಅಂತ ಹೇಳಿತು. ನಮ್ಮ ಕ್ಲಾಸಲ್ಲಿ ಎಲ್ಲರೂ ನಕ್ಕಿದ್ದರು.

ಹಂಗಾಗಿ ಬಾಯಿಮಾತಲ್ಲಿ "ನೋಡ್ಕೋ, ಆಮೇಲೆ ನೋಡೋಣ" ಅಂದಿದ್ದಕ್ಕೆ ಕೋರ್ಟಲ್ಲಿ ಬೆಲೆ ಸಿಗೋದು ಕಷ್ಟ. 1932ರ ಪಾಲುದಾರಿಕೆ ಕಾಯ್ದೆ ಕೂಡ ಇದೇ ಥರ. ಬೇರೆ ಒಪ್ಪಂದ ಇಲ್ಲದಿದ್ದರೆ ದುಡಿಯೋ ಪಾಲುದಾರನಿಗೂ ಸಂಬಳ ಇಲ್ಲ. ಅದಕ್ಕೇ ಫರ್ಮ್ ಶುರು ಮಾಡೋವಾಗ ಡೀಡ್ ಬರೀತಾರೆ. ಅಣ್ಣ ತಮ್ಮ ಸೇರಿ ಅಂಗಡಿ ಇಟ್ಟರೂ ಬರೀತಾರೆ. ಬರೆದಿದ್ದಕ್ಕೆ ಅವರ ಪ್ರೀತಿ ಕಮ್ಮಿ ಆಯ್ತು ಅಂತ ಯಾರೂ ಹೇಳಲ್ಲ. ನಮ್ಮ ಸಂಸಾರಗಳಲ್ಲಿ ಇಲ್ಲದೇ ಇರೋದು ಆ ಡೀಡು.

ಬರೆದರೆ ಏನಾಗುತ್ತೆ ಗೊತ್ತಾ? 1872ರ ಕರಾರು ಕಾಯ್ದೆಯ 25ನೇ ಸೆಕ್ಷನ್ ನೋಡಿ. ಪ್ರತಿಫಲ ಇಲ್ಲದ ಒಪ್ಪಂದ ಅನೂರ್ಜಿತ ಅನ್ನೋದು ನಿಯಮ. ಆದ್ರೆ ವಿನಾಯಿತಿಗಳಿವೆ. ಒಬ್ಬರು ನಿಮಗಾಗಿ ಸ್ವಇಚ್ಛೆಯಿಂದ ಏನಾದ್ರೂ ಮಾಡಿದ್ದರೆ, ಇಲ್ಲಾ ಕಾನೂನು ಪ್ರಕಾರ ನೀವೇ ಮಾಡಬೇಕಾಗಿದ್ದ ಕೆಲಸವನ್ನ ಅವರು ಮಾಡಿದ್ದರೆ, ಅದಕ್ಕೆ ಪರಿಹಾರ ಕೊಡ್ತೀನಿ ಅಂತ ಆಮೇಲೆ ಕೊಟ್ಟ ಮಾತು ಊರ್ಜಿತ.

ನಾಲ್ಕನೇ ಭಾಗ ನೆನಪು ಮಾಡ್ಕೊಳ್ಳಿ. ಕಾನೂನು ಪ್ರಕಾರ ಮಾಡಬೇಕಾದವರು ಯಾರಿದ್ರು?

ಸೊಸೆಗೆ ತಾನಾಗಿ ಬರೋ ಹಕ್ಕು ಇಲ್ಲ, ನಿಜ. ಆದ್ರೆ ಕೊಡ್ತೀವಿ ಅಂತ ಬರೆದುಕೊಡೋಕೆ ನಮ್ಮ ಕೈಯನ್ನ ಯಾವ ಕಾನೂನೂ ಹಿಡಿದಿಲ್ಲ. ಹಿಡಿದಿರೋದು ನಮ್ಮ ಮರ್ಯಾದೆಯ ನಾಟಕ.

ಭಾಗ 7/10

ಮನೆಯೊಳಗೆ ಆರೈಕೆಗೆ ಬೆಲೆ ಇಲ್ಲ. ಆದ್ರೆ ಲಾರಿ ಗುದ್ದಿದ್ರೆ ಇದೆ.

ತಮಾಷೆ ಅಲ್ಲ. ಅಪಘಾತ ಪರಿಹಾರದ ಕೇಸುಗಳಲ್ಲಿ ಗುದ್ದಿದವರ ಕಡೆಯ ವಾದ ಹಿಂಗಿರುತ್ತೆ: "ಗಾಯಾಳುವನ್ನ ಅಮ್ಮನೇ ನೋಡ್ಕೊಂಡಿದ್ದಾರೆ, ನರ್ಸ್ ಇಟ್ಟಿಲ್ಲ, ಆರೈಕೆ ವೆಚ್ಚ ನಾವ್ಯಾಕೆ ಕೊಡಬೇಕು?" ನಲವತ್ತು ವರ್ಷಕ್ಕೂ ಹಿಂದೆಯೇ ದೆಹಲಿ ಹೈಕೋರ್ಟ್, ದೆಹಲಿ ಸಾರಿಗೆ ನಿಗಮ ಮತ್ತು ಲಲಿತಾ ನಡುವಿನ ಕೇಸಲ್ಲಿ ಇದನ್ನ ತಳ್ಳಿಹಾಕಿತು. ಮನೆಯವರು ಪುಕ್ಕಟೆ ಮಾಡಿದ ಸೇವೆಯ ಲಾಭ ತಪ್ಪು ಮಾಡಿದವನಿಗೆ ಹೋಗಬಾರದು ಅನ್ನೋದು ಅದರ ತಿರುಳು.

2020ರ ಕಾಜಲ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಲೆಕ್ಕ ಹಾಕಿತು. ಹನ್ನೆರಡು ವರ್ಷದ ಹುಡುಗಿ, ಅಪಘಾತದಲ್ಲಿ ಮೆದುಳಿಗೆ ಪೆಟ್ಟಾಗಿ ಜೀವನಪೂರ್ತಿ ಬೇರೆಯವರ ಮೇಲೆ ಅವಲಂಬನೆ. ದಿನವಿಡೀ ಇಬ್ಬರು ಬೇಕು, ಒಬ್ಬೊಬ್ಬರಿಗೆ ತಿಂಗಳಿಗೆ 5,000, ಒಟ್ಟು 10,000. ಹನ್ನೆರಡು ತಿಂಗಳು, 18ರ ಗುಣಕ. 21,60,000 ರೂಪಾಯಿ. ನೋಡ್ಕೊಳ್ಳೋರ ಬಾಬ್ತಿಗೇ ಇಷ್ಟು.

2021ರ ಜನವರಿಯ ಕೀರ್ತಿ ಕೇಸಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಗೃಹಿಣಿಯರ ದುಡಿಮೆ ಬಗ್ಗೆ ಪ್ರತ್ಯೇಕವಾಗಿ ಬರೆದರು. ಮನೆಯಲ್ಲಿರೋರು ಕೆಲಸ ಮಾಡಲ್ಲ ಅನ್ನೋ ಕಲ್ಪನೆಯೇ ತಪ್ಪು, ಅವರಿಗೆ ಆದಾಯ ಕಲ್ಪಿಸೋದು ಅವರ ದುಡಿಮೆಗೆ ಕೊಡೋ ಮನ್ನಣೆ ಅನ್ನೋ ಅರ್ಥದಲ್ಲಿ.

ನನ್ನ ಪ್ರಶ್ನೆ ಇಷ್ಟೇ. ಅಪರಿಚಿತ ಡ್ರೈವರ್ ಅಮ್ಮಂದಿರ ಶ್ರಮವನ್ನ ಪುಕ್ಕಟೆ ತಿನ್ನಬಾರದು ಅಂತ ಕೋರ್ಟು ಹೇಳುತ್ತೆ. ಹಂಗಾದ್ರೆ ಸ್ವಂತ ಮಕ್ಕಳು, ಮೊಮ್ಮಕ್ಕಳು ತಿನ್ನಬಹುದಾ? ಆ ಮನೆಯಲ್ಲಿ ಅಪಘಾತ ಆಗಲೇಬೇಕಾ ಲೆಕ್ಕ ಶುರುವಾಗೋಕೆ?

ಭಾಗ 8/10

"ಇದನ್ನೆಲ್ಲ ಸರ್ಕಾರ ಕೊಡಬೇಕು, ಮನೆಯವರಲ್ಲ." ಒಪ್ತೀನಿ, ಅರ್ಧ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆರೈಕೆದಾರರು ಅಂದ್ರೆ ಯಾರು ಅಂತ ಬರೆದಿದೆ: ತಂದೆ ತಾಯಿ, ಕುಟುಂಬದ ಇತರರು ಸೇರಿ, ಹಣ ಪಡೆದು ಅಥವಾ ಪಡೆಯದೆ ಆರೈಕೆ ಮಾಡುವ ಯಾರಾದರೂ. ಅದೇ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ. ಜೊತೆಗೇ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಅನ್ನೋ ಬಾಲವೂ ಇದೆ.

ಕೇರಳದಲ್ಲಿ ಆಶ್ವಾಸಕಿರಣಂ ಅಂತ ಯೋಜನೆ ಇದೆ. ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋರಿಗೆ ತಿಂಗಳಿಗೆ 600 ರೂಪಾಯಿ. ನಮ್ಮ ರಾಜ್ಯದ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್‌ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರೋರ ಆರೈಕೆದಾರರಿಗೆ ತಿಂಗಳಿಗೆ 1,000 ಅಂತ ಘೋಷಿಸಿದರು. ಆ ಪಟ್ಟಿಯಲ್ಲಿ ಲಕ್ವ ಇಲ್ಲ. ಮನೆಯಲ್ಲಿ ಆ ನಾಲ್ಕರಲ್ಲಿ ಯಾವುದಾದ್ರೂ ಇದ್ದರೆ ಅಂಗವಿಕಲರ ಇಲಾಖೆಯ ತಾಲ್ಲೂಕು ಮಟ್ಟದ ಕಾರ್ಯಕರ್ತರನ್ನ ಕೇಳಿ.

ಬ್ರಿಟನ್‌ನಲ್ಲಿ ವಾರಕ್ಕೆ 35 ಗಂಟೆ ಆರೈಕೆ ಮಾಡೋರಿಗೆ 2025-26ರಲ್ಲಿ ವಾರಕ್ಕೆ 83.30 ಪೌಂಡ್ ಇತ್ತು. ಜರ್ಮನಿಯಲ್ಲಿ 1995ರಿಂದ ಆರೈಕೆಗೇ ಪ್ರತ್ಯೇಕ ಕಡ್ಡಾಯ ವಿಮೆ ಇದೆ. ಮನೆಯವರೇ ನೋಡ್ಕೊಂಡ್ರೆ, ಎಷ್ಟು ಆರೈಕೆ ಬೇಕು ಅನ್ನೋದರ ಮೇಲೆ, 2025ರಿಂದ ತಿಂಗಳಿಗೆ 347ರಿಂದ 990 ಯೂರೋ. ದುಡ್ಡು ರೋಗಿಯ ಕೈಗೆ ಬರುತ್ತೆ, ಅವರು ನೋಡ್ಕೊಳ್ಳೋರಿಗೆ ಕೊಡ್ತಾರೆ. ಅಲ್ಲಿನ ಮಕ್ಕಳಿಗೆ ತಂದೆ ತಾಯಿ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ಆರೈಕೆ ಕೆಲಸ ಅಂತ ಒಪ್ಪಿಕೊಂಡಿದ್ದಾರೆ.

ಇಲ್ಲೂ ಸರ್ಕಾರ ಕೊಡಲಿ. ಲಕ್ವದವರಿಗೂ ಕೊಡಲಿ, ಸಾವಿರಕ್ಕಿಂತ ಜಾಸ್ತಿ ಕೊಡಲಿ. ಆದ್ರೆ ಅದು ಬರೋತನಕ ಅಮ್ಮ ಪುಕ್ಕಟೆ ಮಾಡ್ತಿರಲಿ ಅನ್ನೋದು ಸರ್ಕಾರದ ಮೇಲಿನ ಸಿಟ್ಟಲ್ಲ. ಅದು ನಮ್ಮ ಜೇಬಿನ ರಕ್ಷಣೆ.

ಭಾಗ 9/10

ಎದುರು ವಾದಗಳಿಗೆ ಒಂದೊಂದಾಗಿ.

"ಪ್ರೀತಿಗೆ ಬೆಲೆ ಕಟ್ಟೋಕಾಗುತ್ತಾ?" ಆಗಲ್ಲ. ಅಜ್ಜಿಯ ಕೂದಲು ಬಾಚುವಾಗ ಅಮ್ಮ ಹಳೇ ಹಾಡು ಗುನುಗ್ತಾರೆ, ಅದಕ್ಕೆ ನಾನು ಕಾಲಂ ಹಾಕಿಲ್ಲ. ರಾತ್ರಿ ಎರಡಕ್ಕೆ ಎದ್ದಿದ್ದಕ್ಕೆ ಹಾಕಿದ್ದೀನಿ. ಡಾಕ್ಟರಿಗೆ ಫೀಸ್ ಕೊಟ್ಟ ಮೇಲೂ ಅವರಿಗೆ ಕೈ ಮುಗಿತೀವಿ ತಾನೇ?

"ದುಡ್ಡಿನಾಸೆಗೆ ನೋಡ್ಕೊಳ್ಳೋರು ಹಿರಿಯರನ್ನ ಸುಲಿಯಲ್ವಾ?" ಈ ಭಯ ನಿಜ. ಬರೆದಿಟ್ಟ ಲೆಕ್ಕ ಇದ್ದರೆ ಸುಲಿಗೆ ಕಷ್ಟ. ಲೆಕ್ಕವೇ ಇಲ್ಲದ ಮನೇಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳೋದು ಸುಲಭ.

"ದುಡ್ಡೇ ಇಲ್ಲದ ಮನೆಗಳು?" ಅಲ್ಲಿ ದಿನ ಕೊಡಿ. ದುಡ್ಡಿಲ್ಲದ ಮಗನಿಗೂ ಭಾನುವಾರ ಇರುತ್ತೆ.

"ದುಡ್ಡು ಕೊಟ್ಟರೆ ಹೆಂಗಸರನ್ನ ಅಲ್ಲೇ ಕಟ್ಟಿ ಹಾಕಿದಂಗೆ ಆಗಲ್ವಾ?" ನನಗೆ ಅತಿ ಗಟ್ಟಿ ಅನ್ನಿಸಿದ ವಾದ ಇದು. ಒಬ್ಬ ಗೆಳತಿ ಕೇಳಿದ್ದು. "ಎಂಟು ಸಾವಿರ ಬಿಸಾಕಿ ನೀವೆಲ್ಲಾ ಆರಾಮಾಗಿರ್ತೀರಿ, ಅಷ್ಟೇ" ಅಂದಳು. ನಿಜ. ಅದಕ್ಕೇ ಬರೀ ದುಡ್ಡು ಸಾಲದು. ರಜೆಯೂ ಬೇಕು, ಬೇಡ ಅನ್ನೋ ಹಕ್ಕೂ ಬೇಕು.

"ಅಜ್ಜಿಗೆ ತಾನು ಹೊರೆ ಅನ್ನಿಸಲ್ವಾ?" ಹೆದರಿಕೊಂಡೇ ಅಜ್ಜಿಗೆ ಹೇಳಿದೆ. ನಿಧಾನಕ್ಕೆ ಹೇಳಿದ್ರೆ ಅವರಿಗೆ ಎಲ್ಲಾ ಅರ್ಥ ಆಗುತ್ತೆ. ಎಡಗೈಯಲ್ಲಿ ಅಮ್ಮನ ಕಡೆ ತೋರಿಸಿ, ಎರಡು ಸಲ "ಕೊಡ್ರಿ" ಅಂದ್ರು.

ಅಮ್ಮನ ಪ್ರಶ್ನೆ ಮಾತ್ರ ಬೇರೆ ಇತ್ತು. "ದುಡ್ಡು ತಗೊಂಡ್ರೆ ನಾನು ಈ ಮನೆ ಸೊಸೆಯೋ, ಆಯಾನೋ?" ಇದಕ್ಕೆ ನನ್ನ ಹತ್ರ ಗೋಲ್ಡನ್ ರೂಲ್ ಇರಲಿಲ್ಲ. "ಈಗ ಏನು ಅನ್ನಿಸ್ತಿದೆ?" ಅಂತ ಕೇಳಿದೆ. ಅಮ್ಮ ಉತ್ತರ ಕೊಡಲಿಲ್ಲ. ಮಷೀನ್ ಮೇಲಿನ ಸೀರೆ ಸರಿ ಮಾಡಿದ್ರು.

ಭಾಗ 10/10

ಕೊನೇ ಫೋಟೋ ನಮ್ಮನೆಯ ಡೀಡು. ಸ್ಟ್ಯಾಂಪ್ ಪೇಪರ್ ಅಲ್ಲ, ರೂಲ್ಡ್ ಶೀಟು. ನಾನು ಬರೆದದ್ದು. ಇನ್ನೂ ಎಲ್ಲರ ಸಹಿ ಆಗಿಲ್ಲ.

ಒಂದು: ತಿಂಗಳಿಗೆ 8,000. ನಾಲ್ಕು ಮಕ್ಕಳಿಗೆ ತಲಾ 2,000. ಪ್ರತಿ ತಿಂಗಳು ಐದನೇ ತಾರೀಕಿನೊಳಗೆ ಅಮ್ಮನ ಹೆಸರಿನ ಖಾತೆಗೆ. ಅಪ್ಪನ ಖಾತೆಗಲ್ಲ.

ಎರಡು: ದುಡ್ಡು ಆಗದವರು ದಿನ ಕೊಡಬೇಕು. ಒಂದು ದಿನಕ್ಕೆ 600ರ ಲೆಕ್ಕ. ಬಂದು ಸೋಫಾ ಮೇಲೆ ಕೂತರೆ ದಿನ ಅಲ್ಲ.

ಮೂರು: ಪ್ರತಿ ಭಾನುವಾರ ಅಮ್ಮನಿಗೆ ರಜೆ. ವರ್ಷಕ್ಕೆ ಏಳು ದಿನ ಒಟ್ಟಿಗೆ ರಜೆ, ಆ ವಾರ ಉಳಿದವರು.

ನಾಲ್ಕು: ಆಗಲ್ಲ ಅಂತ ಅಮ್ಮ ಯಾವಾಗ ಬೇಕಾದ್ರೂ ಹೇಳಬಹುದು. ಆಗ ನರ್ಸ್ ಖರ್ಚು ನಾಲ್ಕು ಪಾಲು.

ಐದು: ಹಿಂದಿನ ನಾಲ್ಕು ವರ್ಷದ ಬಾಕಿ. ಸೈಟಿನ ಮಾತು ಬಂದಾಗ ಮೊದಲು ಇದನ್ನ ತೀರಿಸಿ, ಆಮೇಲೆ ಪಾಲು. ಇದನ್ನ ಮಾತ್ರ ಸರಿಯಾಗಿ, ವಕೀಲರ ಹತ್ರ ಬರೆಸಬೇಕು.

ಅತ್ತೆ ಮೊದಲು ಸಹಿ ಮಾಡಿದ್ರು. ಫೋನ್‌ಪೇಯಲ್ಲಿ 2,000 ಬಂತು, ಜೊತೆಗೆ "ಲೇಟಾಯ್ತು ಅತ್ತಿಗೆ" ಅಂತ ಒಂದು ಸಾಲು. ಅಪ್ಪ ಎರಡು ದಿನ ಸಿಟ್ಟು ಮಾಡ್ಕೊಂಡು ಮೂರನೇ ದಿನ ಸಹಿ ಹಾಕಿದ್ರು. ಚಿಕ್ಕಪ್ಪ ತಿಂಗಳಿಗೆ ಮೂರು ದಿನ ಬರ್ತೀನಿ ಅಂದಿದ್ದಾರೆ, ಒಂದು ಸಲ ಬಂದಿದ್ದಾರೆ. ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅವರು ಈ ಪೋಸ್ಟ್ ಓದ್ತಾರೆ ಅಂತಲೂ ಗೊತ್ತು. ದೊಡ್ಡಪ್ಪ, ನಿಮ್ಮ ಮೇಲೆ ದ್ವೇಷ ಇಲ್ಲ. ನಿಮ್ಮ ಹೆಸರಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೀನಿ.

ನನ್ನ ಪಾಲು ಭಾನುವಾರ. ಮೊದಲ ವಾರ ಅಜ್ಜಿಯನ್ನ ಮಗ್ಗುಲು ಮಾಡಿಸೋಕೆ ಹೋಗಿ ನನ್ನ ಸೊಂಟ ಹಿಡ್ಕೊಂತು. ಅಮ್ಮ ಬಾಗಿಲಲ್ಲಿ ನಿಂತು, ಮೊಣಕಾಲು ಎಲ್ಲಿ ಊರಬೇಕು ಅಂತ ತೋರಿಸಿಕೊಟ್ಟರು. ನಾಲ್ಕು ವರ್ಷ ಆ ಸೊಂಟ ಹೆಂಗೆ ತಡ್ಕೊಂತೋ.

ಹೋದ ಭಾನುವಾರ ಅಮ್ಮ ಮಷೀನ್ ಮೇಲಿನ ಸಾಮಾನೆಲ್ಲಾ ಕೆಳಗಿಟ್ಟು ಎಣ್ಣೆ ಬಿಟ್ಟರು. ಪಕ್ಕದ ಮನೆಯವರ ಎರಡು ಬ್ಲೌಸ್ ಬಂದಿವೆ.

ನೀವು ಮಾಡಬೇಕಾದ್ದು ಇಷ್ಟು. ಇವತ್ತು ರಾತ್ರಿ ನಿಮ್ಮನೆಯಲ್ಲಿ ಯಾರು ಏಳ್ತಾರೆ ಅಂತ ನೋಡಿ. ಒಂದು ವಾರ ಬರೆದಿಡಿ. ಆಮೇಲೆ ಆ ಪುಟವನ್ನ ಫ್ಯಾಮಿಲಿ ಗ್ರೂಪ್‌ಗೆ ಹಾಕಿ. ಗುಡ್ ಮಾರ್ನಿಂಗ್ ಫೋಟೋ ಹಾಕೋ ಜಾಗದಲ್ಲೇ.

#ಆರೈಕೆಯ_ಲೆಕ್ಕ #ಕೊಡುವವರನ್ನು_ಕ್ರೆಡಿಟ್_ಮಾಡಿ